ಎಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 24 ವರ್ಷ. ಎತ್ತರ 175 ಸೆಂಟಿಮೀಟರ್, ತೂಕ 53 ಕೆಜಿ. ಚಿಕ್ಕಂದಿನಿಂದಲೂ ಸಣಕಲ. ಅಪ್ಪನೂ ನನ್ನ ವಯಸ್ಸಿನಲ್ಲಿ ಹೀಗೇ ಇದ್ದರಂತೆ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಎರಡು ತಿಂಗಳು ಜಿಮ್‌ಗೆ ಹೋದೆ, ತೋಳು ಚೂರೂ ದಪ್ಪ ಆಗಲಿಲ್ಲ, ಬಿಟ್ಟುಬಿಟ್ಟೆ. ತೂಕ ಹೆಚ್ಚಿಸುವ ಪೌಡರ್ ತಗೋ ಅಂತ ಗೆಳೆಯರು ಹೇಳುತ್ತಿದ್ದಾರೆ. ದಿನಾ ಸಂಜೆ ಒಂದು ಗಂಟೆ ಫುಟ್‌ಬಾಲ್ ಆಡುತ್ತೇನೆ, ಅದನ್ನು ಬಿಡಬೇಕಾ? ಹೊಟ್ಟೆ ಬರದ ಹಾಗೆ ಮೈ ತುಂಬಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎತ್ತರ ಇದೆ, ತೂಕ ಇದೆ, ಆಟದ ಹೊತ್ತೂ ಇದೆ. ದಿನಕ್ಕೆ ಏನೇನು ತಿನ್ನುತ್ತೀರಿ ಅನ್ನೋದು ಮಾತ್ರ ಇಲ್ಲ. ಸಣ್ಣಗಿರುವವರ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ. ಅದಕ್ಕೇ ಈ ಉತ್ತರದಲ್ಲಿ ಜಿಮ್‌ಗಿಂತ ತಟ್ಟೆಯ ಮಾತೇ ಜಾಸ್ತಿ.

ಮೊದಲು ಒಂದು ವಿಷಯ ಮುಗಿಸಿಕೊಳ್ಳೋಣ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, ಸುಮಾರು 17.3 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ ಎಂದರ್ಥ. ನೀವು 57 ಕೆಜಿ ಮುಟ್ಟಿದರೆ ಆ ಗೆರೆ ದಾಟುತ್ತೀರಿ. ಅಂದರೆ ಬೇಕಿರುವುದು ಮೊದಲಿಗೆ ನಾಲ್ಕು ಕೆಜಿ. ಗಾಬರಿ ಬೀಳುವ ಅಂತರವೇನಲ್ಲ.

ಚಿಕ್ಕಂದಿನಿಂದ ಹೀಗೇ ಇದ್ದೀರಿ, ಅಪ್ಪನದೂ ಇದೇ ಮೈಕಟ್ಟು, ದಿನಾ ಒಂದು ಗಂಟೆ ಓಡಿ ಆಡುವ ಕಸುವಿದೆ. ಇಷ್ಟನ್ನು ನೋಡಿದರೆ ಇದು ಹುಟ್ಟಿನಿಂದ ಬಂದ ಮೈಕಟ್ಟು ಅಂತಲೇ ಅನ್ನಿಸುತ್ತದೆ. ಆದರೆ ಇದ್ದ ತೂಕವೂ ಇಳಿಯುತ್ತಿದೆ ಅಂದರೆ ಮಾತು ಬೇರೆ. ತಾನಾಗಿಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ 5%ಕ್ಕಿಂತ ಜಾಸ್ತಿ ಇಳಿದಿದ್ದರೆ, ನಿಮ್ಮ ಲೆಕ್ಕದಲ್ಲಿ ಎರಡೂವರೆ ಮೂರು ಕೆಜಿ ಹೋಗಿದ್ದರೆ, ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುವುದು, ಸಕ್ಕರೆ ಕಾಯಿಲೆ, ಕ್ಷಯ, ಜಂತುಹುಳು, ಕರುಳಿಗೆ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ಖಿನ್ನತೆ, ಇವೆಲ್ಲವೂ ತೂಕ ತಿನ್ನುತ್ತವೆ. ಕೈ ನಡುಗುವುದು, ಎದೆ ಡವಡವ ಹೊಡೆದುಕೊಳ್ಳುವುದು, ಬಿಡದ ಭೇದಿ, ರಾತ್ರಿ ಬೆವರು, ಅತಿಯಾದ ಬಾಯಾರಿಕೆ ಇದ್ದರೂ ಅಷ್ಟೇ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಸಣ್ಣಗಿರುವುದರ ಜೊತೆ ಮುಟ್ಟು ನಿಂತಿದ್ದರೆ ಅದನ್ನೂ ಸುಮ್ನೆ ಬಿಡಬೇಡಿ. ತುಂಬಾ ಕೃಶವಾಗಿರುವವರು, ಅಂದರೆ ಬಿಎಂಐ 16ರ ಕೆಳಗಿರುವವರು, ಅಥವಾ ಎಷ್ಟೋ ದಿನ ಸರಿಯಾಗಿ ತಿನ್ನದೇ ಇದ್ದವರು ಒಮ್ಮೆಲೇ ಜಾಸ್ತಿ ತಿನ್ನಲು ಶುರುಮಾಡುವುದು ಅಪಾಯ. ರಕ್ತದಲ್ಲಿನ ಲವಣಗಳು ಏರುಪೇರಾಗುತ್ತವೆ. ಅವರು ವೈದ್ಯರ ಕಣ್ಗಾವಲಿನಲ್ಲೇ ತೂಕ ಏರಿಸಿಕೊಳ್ಳಬೇಕು.

ಇನ್ನು ನಿಮ್ಮ ಮಾತಿಗೆ ಬರೋಣ. ನೀವು ಸುಳ್ಳು ಹೇಳುತ್ತಿಲ್ಲ. ಆದರೆ ನಿಮಗೆ ನೆನಪಿರುವುದು ಹೊಟ್ಟೆ ಬಿರಿಯುವಂತೆ ತಿಂದ ದಿನಗಳು. ಆ ರಾತ್ರಿ ಭರ್ಜರಿ ಊಟ ಮಾಡಿದಿರಿ. ಮರುದಿನ ಬೆಳಗ್ಗೆ ಹಸಿವಿಲ್ಲ, ಬರೀ ಕಾಫಿ ಕುಡಿದು ಹೊರಟಿರಿ. ಮಧ್ಯಾಹ್ನ ಎರಡಾದ ಮೇಲೆ ಏನೋ ಒಂದಿಷ್ಟು ತಿಂದಿರಿ. ಹಿಂದಿನ ದಿನ ಸೇರಿದ 600 ಕ್ಯಾಲೊರಿ ಅಲ್ಲಿಗೇ ಚುಕ್ತಾ. ದೇಹಕ್ಕೆ ಒಂದು ಊಟದ ಲೆಕ್ಕ ಬೇಕಿಲ್ಲ. ವಾರದ ಸರಾಸರಿ ಎಷ್ಟು ಅನ್ನೋದಷ್ಟೇ ಅದರ ಲೆಕ್ಕ.

ಇನ್ನೊಂದು ಕಾರಣ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಜೇಮ್ಸ್ ಲೆವೈನ್ ಮತ್ತು ಜೊತೆಗಾರರು 16 ಜನರಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ಕೊಟ್ಟು ನೋಡಿದರು. ಅದರ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಕೊಟ್ಟಿದ್ದು ಎಲ್ಲರಿಗೂ ಅಷ್ಟೇ. ಒಬ್ಬರಿಗೆ ಅರ್ಧ ಕೆಜಿ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕೆಜಿಗೂ ಜಾಸ್ತಿ ಸೇರಿತು. ವ್ಯತ್ಯಾಸ ಎಲ್ಲಿತ್ತು ಅಂದರೆ ವ್ಯಾಯಾಮವಲ್ಲದ ಓಡಾಟದಲ್ಲಿ. ಕೂತಲ್ಲೇ ಕಾಲು ಕುಣಿಸುವುದು, ಎದ್ದು ಅಡ್ಡಾಡುವುದು, ಫೋನ್ ಬಂದರೆ ನಡೆಯುತ್ತಾ ಮಾತಾಡುವುದು, ನಿಂತಲ್ಲಿ ನಿಲ್ಲದಿರುವುದು. ಹೊಟ್ಟೆಗೆ ಜಾಸ್ತಿ ಬಿದ್ದ ಕೂಡಲೇ ಕೆಲವರ ಮೈ ತನಗೆ ತಾನೇ ಇದನ್ನೆಲ್ಲ ಹೆಚ್ಚಿಸಿಕೊಂಡುಬಿಡುತ್ತದೆ. ಅವರಲ್ಲಿ ಒಬ್ಬರು ಹೀಗೆ ದಿನಕ್ಕೆ ಸುಮಾರು 700 ಕ್ಯಾಲೊರಿ ಕಳೆದಿದ್ದರು. ಅವರಿಗೆ ಅದು ಗೊತ್ತೂ ಆಗಿರಲಿಕ್ಕಿಲ್ಲ.

ಹಾಗಾದರೆ ಹಣೆಬರಹ ಇಷ್ಟೇ ಅಂತ ಕೈಚೆಲ್ಲಬೇಕಾ? ಇಲ್ಲ. 1990ರಲ್ಲಿ ಕೆನಡಾದ ಕ್ಲಾಡ್ ಬೂಶಾರ್ ತಂಡ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತು. 12 ಜೋಡಿ ಅವಳಿ ತರುಣರು, ಎಲ್ಲರೂ ಪಡಿಯಚ್ಚಿನಂಥ ಅವಳಿಗಳು. ನೂರು ದಿನದಲ್ಲಿ 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿ. ಒಂದು ಜೋಡಿಗೂ ಇನ್ನೊಂದು ಜೋಡಿಗೂ ಬಹಳ ಫರಕು ಬಂತು, ಜೋಡಿಯೊಳಗಿನ ಇಬ್ಬರೂ ಮಾತ್ರ ಹೆಚ್ಚುಕಡಿಮೆ ಒಂದೇ ಥರ ಏರಿದರು. ಅಂದರೆ ಹುಟ್ಟುಗುಣದ ಪಾತ್ರ ನಿಜ. ಆದರೆ ಎಲ್ಲರಿಗಿಂತ ಕಡಿಮೆ ಏರಿದವರದೂ 4.3 ಕೆಜಿ! ತಿಂದಿದ್ದು ನಿಜವಾಗಿ ಜಾಸ್ತಿಯಾಗಿ, ಅದು ಬಿಡದೆ ನಡೆದರೆ ಏರದ ಮೈ ಇಲ್ಲ. ನಿಮಗೆ ಬೇರೆಯವರಿಗಿಂತ ಒಂದು ತುತ್ತು ಜಾಸ್ತಿ ಬೇಕು, ಅಷ್ಟೇ. ಎಕ್ಟೋಮಾರ್ಫ್, ಅಂದರೆ ಸಣಕಲು ಮೈಕಟ್ಟಿನವರು ಅನ್ನುವ ಹಣೆಪಟ್ಟಿಯನ್ನು ಜಿಮ್‌ನಲ್ಲಿ ಯಾರಾದರೂ ನಿಮಗೆ ಅಂಟಿಸಿರಬಹುದು. ಅದು 1940ರ ದಶಕದ ಹಳೆಯ ವಿಂಗಡಣೆ, ಮೈಕಟ್ಟು ನೋಡಿ ಸ್ವಭಾವ ಹೇಳಲು ಹೊರಟಿದ್ದು. ಅದನ್ನು ನಂಬಿ ಊಟ ವ್ಯಾಯಾಮ ನಿರ್ಧರಿಸಬೇಕಾಗಿಲ್ಲ.

ಈಗ ಕೆಲಸದ ಮಾತು. ನಾಳೆಯಿಂದ ಏಳು ದಿನ ಏನನ್ನೂ ಬದಲಾಯಿಸಬೇಡಿ. ಬಾಯಿಗೆ ಹಾಕಿದ್ದೆಲ್ಲವನ್ನೂ ಬರೆದಿಡಿ, ಅಷ್ಟೇ. ಫೋನ್‌ನಲ್ಲಿ ಕ್ಯಾಲೊರಿ ಆ್ಯಪ್ ಇದ್ದರೆ ಸರಿ, ಇಲ್ಲದಿದ್ದರೆ ನೋಟ್‌ಬುಕ್ ಸಾಕು. ಸಾಧ್ಯವಾದರೆ ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆಯಿರಿ. ಬಿಟ್ಟ ತಿಂಡಿಯನ್ನೂ ಬಿಟ್ಟೆ ಅಂತಲೇ ಬರೆಯಿರಿ. ನಿಮ್ಮ ವಯಸ್ಸು, ಎತ್ತರ, ತೂಕದ ಗಂಡಸಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1500 ಕ್ಯಾಲೊರಿ ಬೇಕು. ಓಡಾಟ, ಆಟ ಸೇರಿದರೆ 2200ರಿಂದ 2400. ಏಳು ದಿನ ಕೂಡಿ ಭಾಗಿಸಿದಾಗ ನಿಮ್ಮದು 1900, 2000ಕ್ಕೆ ಬಂದು ನಿಂತರೆ ನನಗೇನೂ ಆಶ್ಚರ್ಯವಿಲ್ಲ. ಸಣ್ಣಗಿರುವವರು ತಾವು ತಿಂದದ್ದನ್ನು ಜಾಸ್ತಿ ಅಂದುಕೊಳ್ಳುವುದು ಮಾಮೂಲು.

ಆ ವಾರದಲ್ಲಿ ತೂಕ ಏರದೆ ಇಳಿಯದೆ ನಿಂತಿದ್ದರೆ, ಬಂದ ಸರಾಸರಿಯ ಮೇಲೆ 300ರಿಂದ 500 ಕ್ಯಾಲೊರಿ ಸೇರಿಸಿ. ಅದಕ್ಕಿಂತ ತೀರಾ ಜಾಸ್ತಿ ಬೇಡ. ಹೊಟ್ಟೆ ಬರಬಾರದು ಅಂದಿರಲ್ಲ, ಅದಕ್ಕೆ ಉತ್ತರ ಇಲ್ಲೇ ಇದೆ. ಸ್ನಾಯು ಬೆಳೆಯುವುದಕ್ಕೆ ಒಂದು ವೇಗ ಇದೆ, ಅದಕ್ಕಿಂತ ಜೋರಾಗಿ ತಿಂದರೆ ಮಿಕ್ಕಿದ್ದು ಕೊಬ್ಬಾಗಿ ಕೂರುತ್ತದೆ. ವಾರಕ್ಕೆ ಕಾಲು ಕೆಜಿ ಆಸುಪಾಸು ಏರಿದರೆ ಚೆನ್ನ. ನಿಮ್ಮಷ್ಟು ಕಡಿಮೆ ತೂಕದವರು ಮೊದಮೊದಲು ಇನ್ನೂ ಸ್ವಲ್ಪ ಬೇಗ ಏರಿದರೂ ಚಿಂತೆ ಇಲ್ಲ. ಕರಿದದ್ದು, ಕೇಕು, ಸೋಡಾ ತಿಂದು ಕುಡಿದು ತೂಕ ಏರಿಸುವವರೂ ಇದ್ದಾರೆ. ಅದರಿಂದ ತಕ್ಕಡಿ ಖುಷಿಯಾಗುತ್ತದೆ, ಹಲ್ಲು ಮತ್ತು ಲಿವರ್ ಅಲ್ಲ.

ಹಸಿವೇ ಆಗದವರು 500 ಕ್ಯಾಲೊರಿ ಎಲ್ಲಿಂದ ಸೇರಿಸೋದು? ತಟ್ಟೆಯ ಗುಡ್ಡ ದೊಡ್ಡದು ಮಾಡಲು ಹೋಗಬೇಡಿ, ಎರಡೇ ದಿನಕ್ಕೆ ಸಾಕುಸಾಕಾಗುತ್ತದೆ. ಅಷ್ಟೇ ಗಾತ್ರದ ಊಟ ಭಾರ ಆಗಬೇಕು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೊಟೀನ್‌ನಲ್ಲಿ 4. ಹಾಗಾಗಿ ಒಂದು ದೊಡ್ಡ ಚಮಚ ಎಣ್ಣೆ ಊಟದಲ್ಲಿ ಬೆರೆತರೆ ಗೊತ್ತೇ ಆಗದೆ 120 ಕ್ಯಾಲೊರಿ ಸೇರಿತು. ಒಂದು ಹಿಡಿ ಕಡಲೆಬೀಜ, 30 ಗ್ರಾಂ, ಸುಮಾರು 170. ಕೆನೆ ತೆಗೆದ ಹಾಲಿನ ಬದಲು ಗಟ್ಟಿ ಹಾಲು. ಸಲಾಡ್ ತಿನ್ನಿ, ಆದರೆ ಊಟದ ಕೊನೆಗೆ. ಮೊದಲೇ ತಿಂದರೆ ಹೊಟ್ಟೆ ಅದರಲ್ಲೇ ತುಂಬಿಬಿಡುತ್ತದೆ. ಊಟಕ್ಕೆ ಮುಂಚೆ ಲೋಟಗಟ್ಟಲೆ ನೀರು, ಕಾಫಿ, ಟೀ ಕುಡಿಯುವುದನ್ನೂ ನಿಲ್ಲಿಸಿ. ಸಿಗರೇಟ್ ಇದ್ದರೆ ಅದು ಹಸಿವನ್ನೇ ಕೊಲ್ಲುತ್ತದೆ, ಬೇರೆ ಕೇಡು ಹಾಗಿರಲಿ.

ಎಲ್ಲಕ್ಕಿಂತ ಸುಲಭದ ದಾರಿ ಕುಡಿಯುವುದು. ಅಗಿದು ತಿಂದಷ್ಟು ಹೊಟ್ಟೆ ತುಂಬಿದ ಹಾಗೆ ಕುಡಿದದ್ದು ಅನ್ನಿಸುವುದಿಲ್ಲ. ತೂಕ ಇಳಿಸುವವರಿಗೆ ಇದು ಶತ್ರು, ನಿಮಗೆ ನೆಂಟ. 300 ಮಿಲಿಲೀಟರ್ ಗಟ್ಟಿ ಹಾಲು, ಒಂದು ಬಾಳೆಹಣ್ಣು, ಎರಡು ದೊಡ್ಡ ಚಮಚ ಪೀನಟ್ ಬಟರ್, 30 ಗ್ರಾಂ ಓಟ್ಸ್. ಮಿಕ್ಸಿಯಲ್ಲಿ ಓಟ್ಸ್ ಅನ್ನು ಮೊದಲು ಒಣಗಿದ್ದಾಗಲೇ ಪುಡಿ ಮಾಡಿಕೊಳ್ಳಿ, ಇಲ್ಲದಿದ್ದರೆ ಗಂಟಲಲ್ಲಿ ತರಿತರಿ ಸಿಗುತ್ತದೆ. ಆಮೇಲೆ ಮಿಕ್ಕಿದ್ದು ಹಾಕಿ ತಿರುಗಿಸಿ. ಒಂದು ದೊಡ್ಡ ಲೋಟ ಆಗುತ್ತದೆ. ಅದರಲ್ಲಿ ಸುಮಾರು 600 ಕ್ಯಾಲೊರಿ, 22 ಗ್ರಾಂ ಆಸುಪಾಸು ಪ್ರೊಟೀನ್. ಊಟದ ಬದಲಿಗೆ ಅಲ್ಲ, ಊಟವಲ್ಲದೆ ಹೆಚ್ಚುವರಿಯಾಗಿ ಇದು. ಹಾಲು ಒಗ್ಗದಿದ್ದರೆ ಸೋಯಾ ಹಾಲು ಹಾಕಿ. ಊಟಕ್ಕೆ ತೀರಾ ಹತ್ತಿರ ಕುಡಿಯಬೇಡಿ, ಆಟ ಮುಗಿಸಿ ಬಂದ ಕೂಡಲೇ ಅಥವಾ ಮಲಗುವ ಮುಂಚೆ ಆದೀತು.

ಪ್ರೊಟೀನ್ ಬಗ್ಗೆ ಜಿಮ್‌ಗಳಲ್ಲಿ ಹೇಳುವಷ್ಟು ಹುಚ್ಚು ಬೇಕಿಲ್ಲ. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದರಲ್ಲಿ, ಮೈತೂಕದ ಕೆಜಿಗೆ ದಿನಕ್ಕೆ 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ನಿಮಗೆ ಅದು 85 ಗ್ರಾಂ. ಬೆಳಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು, ಅಲ್ಲಿಗೆ 20. ಮಧ್ಯಾಹ್ನ ಬೇಯಿಸಿದ ಬೇಳೆಯೋ ಕಾಳೋ 200 ಗ್ರಾಂ, ಜೊತೆಗೆ ಮೊಸರು, ಇನ್ನೊಂದು 24. ಮೇಲೆ ಹೇಳಿದ ಲೋಟ 22. ರಾತ್ರಿ 100 ಗ್ರಾಂ ಮೀನೋ ಕೋಳಿಯೋ ಇದ್ದರೆ 20ರ ಮೇಲೆ. ಮುಗಿಯಿತು. ಮಾಂಸ, ಮೊಟ್ಟೆ ತಿನ್ನದವರು ಸೋಯಾ, ಕಾಳು, ಹಾಲು ಮೊಸರು ಜಾಸ್ತಿ ಮಾಡಿಕೊಂಡರೆ ಇದೇ ಲೆಕ್ಕ ಮುಟ್ಟಬಹುದು. ನಿಮ್ಮಂಥವರಿಗೆ ಕೊರತೆ ಬೀಳುವುದು ಪ್ರೊಟೀನ್‌ಗಿಂತ ಹೆಚ್ಚಾಗಿ ಒಟ್ಟು ಕ್ಯಾಲೊರಿ. ಅನ್ನ, ರೊಟ್ಟಿ, ಆಲೂಗಡ್ಡೆಗೆ ಹೆದರಿ ದೂರ ಇಡಬೇಡಿ. ಭಾರ ಎತ್ತುವುದಕ್ಕೆ ಕಸುವು ಬರುವುದು ಅವುಗಳಿಂದಲೇ.

ಎರಡು ತಿಂಗಳು ಜಿಮ್‌ಗೆ ಹೋಗಿ ಬಿಟ್ಟೆ ಅಂದಿರಿ. ನನ್ನ ಪ್ರಕಾರ ನೀವು ಬಿಟ್ಟಿದ್ದು ಫಲ ಕಾಣುವ ಹೊತ್ತಿಗೆ ಸರಿಯಾಗಿ. ಮೊದಲ ಕೆಲವು ವಾರ ಎತ್ತುವ ಶಕ್ತಿ ಹೆಚ್ಚುವುದು ಬಹುಪಾಲು ನರಗಳಿಂದ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ಮೈ ಕಲಿಯುತ್ತಿರುತ್ತದೆ. ಕಣ್ಣಿಗೆ ಕಾಣುವಷ್ಟು ಗಾತ್ರ ಬರುವುದು ಅದಾದ ಮೇಲೆ, ಅದೂ ಹೊಟ್ಟೆಗೆ ಸಾಕಷ್ಟು ಬೀಳುತ್ತಿದ್ದರೆ. ತೋಳನ್ನು ಕನ್ನಡಿಯಲ್ಲಿ ನೋಡುವ ಬದಲು ಎತ್ತಿದ ಭಾರವನ್ನು ಬರೆದಿಟ್ಟಿದ್ದರೆ ನೀವು ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ವಾರಕ್ಕೆ ಮೂರು ದಿನ ಸಾಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಬರೀ ತೋಳಿಗೆ ಅಂತ ಡಂಬೆಲ್ ಹಿಡಿದು ಕೈ ಮಡಚುತ್ತಾ ಕೂರಬೇಡಿ. ಮೈಯ ದೊಡ್ಡ ಸ್ನಾಯುಗಳೆಲ್ಲ ಒಟ್ಟಿಗೆ ದುಡಿಯುವ ವ್ಯಾಯಾಮ ಮಾಡಿ: ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನಿಲ್ಲುವುದು), ಬೆಂಚ್ ಪ್ರೆಸ್ ಅಥವಾ ಪುಶ್‌ಅಪ್, ರೋ (ಭಾರವನ್ನು ಮೈಯ ಕಡೆಗೆ ಎಳೆಯುವುದು), ಭುಜದ ಪ್ರೆಸ್, ಪುಲ್‌ಅಪ್. ಒಂದು ದಿನಕ್ಕೆ ಇವುಗಳಲ್ಲಿ ನಾಲ್ಕೈದು, ಒಂದೊಂದಕ್ಕೂ ಮೂರು ಸೆಟ್, ಅಂದರೆ ಬಿಡುವಿಲ್ಲದೆ ಸಾಲಾಗಿ ಎತ್ತುವ ಮೂರು ಸುತ್ತು. ಸೆಟ್ ಮುಗಿದಾಗ ಇನ್ನು ಒಂದೋ ಎರಡೋ ಮಾತ್ರ ಆಗುತ್ತಿತ್ತು ಅನ್ನಿಸಬೇಕು. ಆರಾಮಾಗಿ ಇನ್ನೂ ಹತ್ತು ಮಾಡಬಹುದಿತ್ತು ಅನ್ನಿಸಿದರೆ ಆ ಸೆಟ್ ಲೆಕ್ಕಕ್ಕಿಲ್ಲ. ಮೊದಲ ಎರಡು ವಾರ ಮಾತ್ರ ಕಡಿಮೆ ಭಾರದಲ್ಲಿ, ಯಾರಾದರೂ ಬಲ್ಲವರ ಎದುರು ವರಸೆ ಸರಿಮಾಡಿಕೊಳ್ಳಿ. ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಗೂನಾದರೆ ಸೊಂಟ ಹಿಡಿದುಕೊಳ್ಳುತ್ತದೆ.

ಭಾರ ಏರಿಸುವುದು ಹೇಗೆ ಅನ್ನುವುದನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ, ಯಾಕೆಂದರೆ ಸ್ನಾಯು ಬೆಳೆಯುವ ಗುಟ್ಟೇ ಇದು. 8 ಕೆಜಿ ಡಂಬೆಲ್‌ನಿಂದ ರೋ ಮಾಡುತ್ತೀರಿ ಅಂದುಕೊಳ್ಳಿ. ಮೊದಲ ದಿನ ಮೂರು ಸೆಟ್‌ನಲ್ಲಿ 8, 8, 7 ಬಂತು. ಹಾಗೇ ಬರೆದಿಡಿ. ಮುಂದಿನ ಸಲ 9, 8, 8 ಆಗಲಿ. ಅದರ ಮುಂದೆ 10, 9, 8. ಒಂದು ಜಾಸ್ತಿಯಾದರೂ ಸಾಕು. ಯಾವತ್ತು ಮೂರೂ ಸೆಟ್‌ನಲ್ಲಿ 12 ಮುಟ್ಟುತ್ತೀರೋ ಅವತ್ತು 10 ಕೆಜಿಗೆ ಹೋಗಿ, ಮತ್ತೆ 8ರಿಂದ ಶುರು. ಜಿಮ್‌ನಲ್ಲಿ ಇದನ್ನೇ ಪ್ರೋಗ್ರೆಸಿವ್ ಓವರ್‌ಲೋಡ್ ಅನ್ನುತ್ತಾರೆ. ತಿಂಗಳಾನುಗಟ್ಟಲೆ ಅದೇ 8 ಕೆಜಿ, ಅದೇ ಹತ್ತು ಸಲ ಎತ್ತುತ್ತಿದ್ದರೆ ಬೆಳೆಯಬೇಕಾದ ಅಗತ್ಯವೇ ಮೈಗೆ ಬೀಳುವುದಿಲ್ಲ.

ನಿದ್ದೆ ಏಳು ಗಂಟೆಗೆ ಕಡಿಮೆ ಬೇಡ. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ, ನಿಮಗೂ ಗೊತ್ತಿರುವುದೇ.

ಪೌಡರ್ ವಿಷಯ. ಮಾಸ್ ಗೇನರ್ ಅಂತ ದೊಡ್ಡ ಡಬ್ಬಿಯಲ್ಲಿ ಮಾರುವುದರ ಲೇಬಲ್ ತಿರುಗಿಸಿ ನೋಡಿ. ಮೊದಲ ಹೆಸರು ಸಾಮಾನ್ಯವಾಗಿ ಮಾಲ್ಟೋಡೆಕ್ಸ್‌ಟ್ರಿನ್ ಇರುತ್ತದೆ. ಅದು ಬೇಗ ಜೀರ್ಣವಾಗುವ ಪಿಷ್ಟದ ಪುಡಿ. ಜೊತೆಗೆ ಒಂದಿಷ್ಟು ಹಾಲಿನ ಪ್ರೊಟೀನ್, ಸಕ್ಕರೆ, ಪರಿಮಳ. ಮೇಲಿನ ಮಿಕ್ಸಿ ಲೋಟ ಅದಕ್ಕಿಂತ ಎಷ್ಟೋ ವಾಸಿ. ಹಾಲಿನಿಂದ ತೆಗೆದ ವೇ ಪ್ರೊಟೀನ್ ಪುಡಿ ಬೇರೆ ಮಾತು. ಊಟದಲ್ಲಿ 85 ಗ್ರಾಂ ಮುಟ್ಟಲು ಆಗದಿದ್ದರೆ ತಗೊಳ್ಳಿ, ಅದು ಬರೀ ಆಹಾರ, ಮದ್ದಲ್ಲ. ನಿಜವಾಗಿ ಕೆಲಸ ಮಾಡುವುದು ಸ್ನಾಯುವಿಗೆ ಭಾರ ಎತ್ತುವ ಕಸುವು ಕೊಡುವ ಪುಡಿ ಕ್ರಿಯಾಟಿನ್ ಮೋನೋಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ. ಶುರುವಿನಲ್ಲಿ ಒಂದು ಕೆಜಿ ಆಸುಪಾಸು ಏರಿದರೆ ಹಿಗ್ಗಬೇಡಿ, ಅದು ಸ್ನಾಯುವಿನೊಳಗೆ ನಿಂತ ನೀರು. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಆದರೆ ಲೇಬಲ್ ಇಲ್ಲದ, ತಿಂಗಳಲ್ಲಿ ಐದು ಕೆಜಿ ಗ್ಯಾರಂಟಿ ಅನ್ನುವ ಪುಡಿ ಮಾತ್ರೆಗಳ ಹತ್ತಿರವೂ ಹೋಗಬೇಡಿ. ಇಂಥವುಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್, ಹಸಿವು ಹುಟ್ಟಿಸುವ ಅಲರ್ಜಿ ಮದ್ದು ಸೈಪ್ರೋಹೆಪ್ಟಡೀನ್ ಬೆರೆತಿರುವುದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಸ್ಟೆರಾಯ್ಡ್ ತಿಂದರೆ ಮುಖ ಊದಿಕೊಂಡು ಮೈ ತುಂಬಿದ ಹಾಗೆ ಕಾಣುತ್ತದೆ. ಒಳಗೆ ರಕ್ತದ ಸಕ್ಕರೆ, ಒತ್ತಡ ಏರುತ್ತಿರುತ್ತವೆ, ಕೈಕಾಲಿನ ಸ್ನಾಯು ಕರಗುತ್ತಿರುತ್ತದೆ. ನೀವು ಕೇಳಿದ್ದಕ್ಕೆ ತದ್ವಿರುದ್ಧ! ಬಹಳ ದಿನ ತಿಂದವರು ದಿಢೀರನೆ ನಿಲ್ಲಿಸುವುದೂ ಅಪಾಯ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಗೆಳೆಯರು ಹೇಳುತ್ತಿರುವ ಪೌಡರ್ ಯಾವ ಜಾತಿಯದು ಅಂತ ಕೇಳಿ ನೋಡಿ.

ತೂಕವನ್ನು ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ನೋಡಿ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಒಂದು ಕೆಜಿ ಆಚೀಚೆ ಆಗುವುದು ಮಾಮೂಲು, ಉಪ್ಪು, ನೀರು, ಹೊಟ್ಟೆಯಲ್ಲಿರುವ ಊಟ ಎಲ್ಲ ಅದರಲ್ಲಿ ಸೇರಿರುತ್ತದೆ. ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಜೊತೆ ಹೋಲಿಸಿ. ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟ, ಎದೆ, ತೊಡೆ, ತೋಳು ಅಳೆಯಿರಿ. ಸೊಂಟದ ಅಳತೆ ಮಾತ್ರ ಏರುತ್ತಿದ್ದರೆ ಕ್ಯಾಲೊರಿ ಸ್ವಲ್ಪ ಇಳಿಸಿ. ಎಲ್ಲ ಸರಿಯಾಗಿ ನಡೆದರೆ 57 ಕೆಜಿ ಮುಟ್ಟಲು ನಾಲ್ಕು ತಿಂಗಳು ಅಂತ ಇಟ್ಟುಕೊಳ್ಳಿ.

ಕೊನೆಗೆ ಫುಟ್‌ಬಾಲ್. ಬಿಡಬೇಡಿ. ಹೃದಯಕ್ಕೆ ಒಳ್ಳೆಯದು, ಹಸಿವೂ ಕೆರಳುತ್ತದೆ, ಆಟದಿಂದ ಸ್ನಾಯು ಬೆಳೆಯದೇ ಹೋಗುತ್ತದೆ ಅನ್ನುವುದು ಉತ್ಪ್ರೇಕ್ಷೆ. ಆದರೆ ನಿಮ್ಮ ತೂಕಕ್ಕೆ ಒಂದು ಗಂಟೆ ಆಡಿದರೆ 350ರಿಂದ 400 ಕ್ಯಾಲೊರಿ ಖರ್ಚು. ನೀವು ಕಷ್ಟಪಟ್ಟು ಸೇರಿಸಿದ್ದು ಅಲ್ಲೇ ಕರಗುತ್ತದೆ. ಹಾಗಾಗಿ ಸದ್ಯಕ್ಕೆ ವಾರದಲ್ಲಿ ಮೂರು ನಾಲ್ಕು ಸಂಜೆಗೆ ಇಳಿಸಿ, ಜಿಮ್ ಇಲ್ಲದ ದಿನಗಳಲ್ಲಿ ಆಡಿ. ಎರಡೂ ಒಂದೇ ದಿನ ಬಿದ್ದರೆ ಭಾರ ಎತ್ತುವುದು ಮೊದಲಾಗಲಿ, ಮಧ್ಯೆ ಕೆಲವು ಗಂಟೆ ಬಿಡುವಿರಲಿ. ಮೈದಾನದಿಂದ ಬಂದ ಕೂಡಲೇ ಆ ಲೋಟ ಕುಡಿಯಿರಿ. ಮೂರು ವಾರ ಕಳೆದರೂ ಸರಾಸರಿ ಕದಲದಿದ್ದರೆ ದಿನಕ್ಕೆ ಇನ್ನೊಂದು 200 ಕ್ಯಾಲೊರಿ ಸೇರಿಸಿ. ಅದೂ ಹೊಟ್ಟೆಗೆ ಇಳಿಯುತ್ತಿಲ್ಲ ಅಂದರೆ ಆಗ ಒಂದು ಸಂಜೆಯ ಆಟ ಕಡಿಮೆ ಮಾಡಿ.